ಮೊದಲ ಮಾತ್ರೆ ನನಗೆ

ಮಗಳ ಮಾತ್ರೆಯನ್ನು ನಾನು ನುಂಗಿದೆ. ಕದ್ದು ಅಲ್ಲ, ಅವಳ ಎದುರಿಗೇ, ಬೆಳಗಿನ ಚಹಾದ ಜೊತೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಬುದ್ಧಿ ಹೇಳುತ್ತಾರೆ. ನನಗೆ ಎರಡೂ ಬೇಕಾಗಿಲ್ಲ. ಐವತ್ತೆರಡು ವರ್ಷದಲ್ಲಿ ಬೇಕಾದಷ್ಟು ಬುದ್ಧಿಮಾತು ಕೇಳಿದ್ದೇನೆ, ಅದರಲ್ಲಿ ಅರ್ಧ ಹೇಳಿದವರಿಗೇ ಬೇಕಾಗಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಹೊಲಿಗೆಯವಳು. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಪೇಟೆಯಲ್ಲಿ ನಾಲ್ಕಾರು ಸಂಸಾರಗಳಿರುವ ಹಳೆಯ ವಾಡೆಯೊಂದರ ಕೆಳಗಿನ ಮನೆ ನಮ್ಮದು. ಮುಂದಿನ ಕೋಣೆಯಲ್ಲಿ ನನ್ನ ಮಷಿನ್ನು, ಕತ್ತರಿಸುವ ಮೇಜು. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಗಂಡ ದೌಂಡದಲ್ಲಿ ಗುಮಾಸ್ತರು. ಬೆಳಿಗ್ಗೆ ರೈಲುಗಾಡಿ ಹಿಡಿದು ಹೋಗಿ ಸಂಜೆ ಗಾಡಿ ಹಿಡಿದು ಬರುತ್ತಾರೆ. ಮನೆಯಲ್ಲಿ ಅವರದು ಮಾತು ಕಡಿಮೆ. ಎಲ್ಲವನ್ನೂ ಗಾಡಿಯ ಗೆಳೆಯರ ಜೊತೆ ಆಡಿ ಮುಗಿಸಿ ಬಂದಿರುತ್ತಾರೆ. ಇರುವವಳು ಒಬ್ಬಳೇ ಮಗಳು, ಇಪ್ಪತ್ತೈದು ವರ್ಷದವಳು. ರಾಜ್ಯ ಸೇವೆಯ ಪರೀಕ್ಷೆಗೆ ಓದುತ್ತಾಳೆ. ಎರಡು ಸಲ ಬರೆದಿದ್ದಳು, ಎರಡು ಸಲವೂ ಮೊದಲ ಹಂತದಲ್ಲೇ ಹೋಗಿತ್ತು.

ನಾನು ಹೊಲಿಯುವುದು ಖಣದ ಕುಪ್ಪಸ ಮಾತ್ರ. ಗುಳೇದಗುಡ್ಡದಿಂದ ಬಸ್ಸಿನಲ್ಲಿ ಗಂಟು ಬರುತ್ತದೆ, ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಂಡು ಬರುತ್ತೇವೆ. ಕೆಲವರು ನಮ್ಮಲ್ಲಿಯ ಖಣವನ್ನೇ ಆರಿಸುತ್ತಾರೆ. ಹೆಚ್ಚಿನವರು ಮಾತ್ರ ತವರಿನಲ್ಲಿ ಉಡಿ ತುಂಬಿದಾಗ ಕೊಟ್ಟ ಖಣವನ್ನು ಪೆಟ್ಟಿಗೆಯಿಂದ ತೆಗೆದು ತರುತ್ತಾರೆ. ಖಣವೆಂದರೆ ಒಂದು ಕುಪ್ಪಸಕ್ಕೆ ಸರಿಯಾಗುವಷ್ಟೇ ನೇಯ್ದ ತುಂಡು, ಹೆಚ್ಚಿಗೆ ಒಂದು ಗೇಣೂ ಇರುವುದಿಲ್ಲ. ಮೇಲ್ಮೈಗೆ ಮೆರುಗು, ಒಳಮೈಗೆ ಬರೀ ದಾರದ ಎಳೆ. ಬೇರೆ ಬಟ್ಟೆಯನ್ನು ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸಬಹುದು. ಖಣವನ್ನು ಮಡಚಿದರೆ ಒಳಗಿನ ಬುಟ್ಟಾದ ಹೂಗಳ ಸಾಲು ಸರಿಯುತ್ತದೆ. ಅದಕ್ಕೆ ನಾನು ಮೊದಲು ಒಂದು ತೋಳು ಕತ್ತರಿಸಿ, ಅದನ್ನು ನನ್ನ ತೋಳಿನ ಮೇಲೆ ಇಟ್ಟು ನೋಡಿ, ಎಡದ್ದು ಎಂದು ಖಾತ್ರಿ ಮಾಡಿಕೊಂಡು, ಬೋರಲು ಹಾಕಿ, ಅದರ ಅಂಚು ಹಿಡಿದು ಬಲದ್ದನ್ನು ಕತ್ತರಿಸುತ್ತೇನೆ. ನೋಡುವವರಿಗೆ ಇವಳೇನು ಇನ್ನೂ ಕಲಿಯುತ್ತಿದ್ದಾಳೋ ಎನ್ನಿಸಬೇಕು. ಇಪ್ಪತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಒಂದು ಖಣವೂ ಕೆಟ್ಟಿರಲಿಲ್ಲ.

ನಮ್ಮ ಪೇಟೆಯಲ್ಲಿ ಮನೆಗೊಂದು ಅಭ್ಯಾಸಿಕೆ ಎದ್ದಿದೆ. ಅಭ್ಯಾಸಿಕೆ ಎಂದರೆ ಓದುವ ಹುಡುಗ ಹುಡುಗಿಯರಿಗೆ ಬಾಡಿಗೆಗೆ ಕೊಡುವ ಕುರ್ಚಿ ಮೇಜು. ದೊಡ್ಡ ಹಾಲಿನಲ್ಲಿ ಪ್ಲೈವುಡ್ಡಿನ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ತಲೆ. ನನ್ನ ಮಗಳಿಗೂ ಅಲ್ಲೊಂದು ಗೂಡು. ಮೂರನೆಯ ಸಲದ ಪರೀಕ್ಷೆಗೆ ಆರು ವಾರ ಇದ್ದಾಗ, ಒಂದು ಬೆಳಿಗ್ಗೆ ಅವಳು ನನ್ನ ಕತ್ತರಿಯ ಪಕ್ಕದಲ್ಲಿ ಒಂದು ಮಾತ್ರೆಯ ಹಾಳೆ ತಂದಿಟ್ಟಳು. ಹತ್ತು ಬಿಳಿ ಮಾತ್ರೆ.

"ಅವ್ವಾ, ಇವತ್ತಿಂದ ನಾ ಇದನ್ನ ತಗೋತೀನಿ. ಕದ್ದು ತಗೊಳ್ಳಾಕಿ ಅಲ್ಲ ನಾನು, ಅದಕ್ಕ ಹೇಳಾಕತ್ತೀನಿ."

"ಏನಾಗೇತಿ ನಿನಗ?"

"ಏನೂ ಆಗಿಲ್ಲ. ಹಗಲಹೊತ್ತು ಕುಂತಲ್ಲೇ ನಿದ್ದಿ ಬರೋ ಬ್ಯಾನಿ ಇರ್ತದಲ್ಲ, ಅಂಥಾವರಿಗೆ ಕೊಡೂದು ಇದು. ಆರಾಮ ಇದ್ದವರು ತಗೊಂಡ್ರ ತಲಿ ಚುರುಕಾಕತಿ. ನಮ್ಮ ಸಾಲಿನ್ಯಾಗ ಭಾಳ ಮಂದಿ ತಗೋತಾರ. ಬಾಜೂ ಗೂಡಿನಾಕಿ ಎರಡು ತಿಂಗಳಾತು. ಓದಿದ್ದು ಓದಿದಂಗ ಕುಂದರತದಂತ."

"ಡಾಕ್ಟರು ಕೊಟ್ಟಾರೇನು?"

ಅವಳು ಮುಖ ಆಚೆ ತಿರುಗಿಸಿದಳು. ಯಾರದೋ ಚೀಟಿಯ ಮೇಲೆ ಯಾರೋ ತಂದದ್ದು. ನನಗೆ ಸಿಟ್ಟು ಬಂತು. ನೆಟ್ಟಗಿರುವ ತಲೆಗೆ ಔಷಧವೇಕೆ? ಹರಿಯದ ಬಟ್ಟೆಗೆ ಯಾರಾದರೂ ತೇಪೆ ಹಾಕುತ್ತಾರೆಯೇ? ನಾನು ಹಾಗೆ ಕೇಳಿದೆ. ಅವಳು ಒಳಗೆ ಹೋದಳು. ನೀರಿನ ಲೋಟ ತೆಗೆದುಕೊಂಡು ಬಂದಳು.  ಎರಡು ಸಲ ಬಿದ್ದವಳು ಅವಳು.

ನಮ್ಮ ಕಡೆ ಒಂದು ರೂಢಿ ಇದೆ. ಕೂಸಿಗೆ ಯಾವ ಔಷಧ ಕೊಟ್ಟರೂ ಮೊದಲ ತೊಟ್ಟು ತಾಯಿಯ ನಾಲಿಗೆಗೆ. ಕಹಿ ಎಷ್ಟು, ಖಾರ ಎಷ್ಟು, ತಾಯಿ ಕುಡಿದು ಅರಗಿಸಿಕೊಂಡರೆ ಆಮೇಲೆ ಕೂಸಿಗೆ. ಇವಳಿಗೆ ಹೊಟ್ಟೆನೋವಿನ ಕಷಾಯ, ಕೆಮ್ಮಿನ ಸಿರಪ್ಪು, ಜಂತಿನ ಗುಳಿಗೆ, ಎಲ್ಲವನ್ನೂ ನಾನು ಮೊದಲು ನೆಕ್ಕಿಯೇ ಕೊಟ್ಟದ್ದು. ನನ್ನ ಅತ್ತೆ ಮಾಡಿದ್ದು, ನನ್ನ ಅವ್ವ ಮಾಡಿದ್ದು, ನಾನೂ ಮಾಡಿದೆ. ಆ ಬೆಳಿಗ್ಗೆಯೂ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಹಾಳೆಯಿಂದ ಒಂದನ್ನು ಒತ್ತಿ ತೆಗೆದೆ, ಬಾಯಿಗೆ ಹಾಕಿಕೊಂಡೆ, ಚಹಾ ಕುಡಿದೆ.

"ಅವ್ವಾ! ಹುಚ್ಚ ಹಿಡದೈತೇನ ನಿನಗ?"

"ಮೊದಲ ನನ್ನ ತಲಿ ಚುರುಕಾಗಲಿ. ಆಮ್ಯಾಲೆ ನಿಂದು ನೋಡೂಣು."

ಜಂತಿನ ಗುಳಿಗೆಯನ್ನೂ ತಲೆಗೆ ಹೋಗುವ ಮಾತ್ರೆಯನ್ನೂ ಒಂದೇ ಎಂದುಕೊಂಡೆನಲ್ಲ, ತಪ್ಪು ಅದೇ. ಅದನ್ನು ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿ ಅವಳು ಲೋಟ ಕೆಳಗಿಟ್ಟಳು. ಅವತ್ತು ಅವಳು ಮಾತ್ರೆ ತೆಗೆದುಕೊಳ್ಳಲಿಲ್ಲ. ನನಗೆ ಬೇಕಾದದ್ದೂ ಅಷ್ಟೇ.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಮಗಳು ಎದುರಿಗೇ ಕೂತು ಪುಸ್ತಕ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ನನಗೇನಾದರೂ ಆದೀತೆಂಬ ಭಯ ಅವಳಿಗೆ. ನಾನು ಅವಳನ್ನು ಬೈದು ಅಭ್ಯಾಸಿಕೆಗೆ ಅಟ್ಟಿದೆ. ಗೌರಿ ಹಬ್ಬ ಹತ್ತಿರವಿತ್ತು. ಎಂಟು ಖಣಗಳು ಮೇಜಿನ ಮೇಲೆ ಇದ್ದವು. ಎರಡು ದಿನದ ಕೆಲಸ.

ಹತ್ತು ಗಂಟೆಯ ಸುಮಾರಿಗೆ ಏನೋ ಬದಲಾಯಿತು. ಹೇಗೆ ಹೇಳಲಿ? ಬೀದಿಯ ಸದ್ದು ದೂರ ಹೋಯಿತು. ಎದುರಿಗಿದ್ದ ಖಣದ ಒಂದೊಂದು ಬುಟ್ಟಾವೂ ಬಿಡಿಬಿಡಿಯಾಗಿ ಕಾಣಿಸತೊಡಗಿತು. ದಿನವೂ ಕೆಲಸದ ನಡುವೆ ನನ್ನ ತಲೆ ಎಲ್ಲೆಲ್ಲಿಗೋ ಹೋಗಿ ಬರುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ತಂಗಿ ಫೋನು ಮಾಡಿ ಎಷ್ಟು ದಿನವಾಯಿತು, ಮಗಳ ಮದುವೆ. ಅವತ್ತು ಎಲ್ಲಿಗೂ ಹೋಗಲಿಲ್ಲ. ಬಾಯಿ ಒಣಗಿತ್ತು, ಎದೆ ಸ್ವಲ್ಪ ಜೋರಾಗಿ ಬಡಿಯುತ್ತಿತ್ತು, ಹಸಿವು ಸತ್ತಿತ್ತು. ಮಧ್ಯಾಹ್ನದ ರೊಟ್ಟಿ ಮುಚ್ಚಿಟ್ಟಲ್ಲೇ ಉಳಿಯಿತು. ಆದರೆ ಕೈ! ಕೈ ಎಂದೂ ಹಾಗೆ ಓಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ, ಜೀವನದಲ್ಲಿ ಅಷ್ಟು ಹಿತವಾಗಿ ನಾನು ಎಂದೂ ದುಡಿದಿಲ್ಲ. ಮಗಳು ಹೇಳಿದ್ದೇ ಖರೆ ಇರಬೇಕು, ಸಂಜೆಗೆ ಅವಳ ಕೈಗೆ ನಾನೇ ಕೊಡುತ್ತೇನೆ ಎಂದೂ ಅಂದುಕೊಂಡೆ.

ಎರಡು ದಿನದ ಕೆಲಸ ನಾಲ್ಕು ಗಂಟೆಗೆ ಮುಗಿಯಿತು. ಎಂಟೂ ಖಣ ಕತ್ತರಿಸಿ, ಕಟ್ಟು ಕಟ್ಟಿ, ಮೇಲೆ ಹೆಸರಿನ ಚೀಟಿ ಇಟ್ಟು ಸಾಲಾಗಿ ಜೋಡಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಗುಂಡಿಯ ಡಬ್ಬಿಗಳನ್ನೆಲ್ಲ ಸುರಿದು ಬಣ್ಣಬಣ್ಣಕ್ಕೆ ಬೇರೆ ಮಾಡಿದೆ. ದಾರದ ಉಂಡೆಗಳನ್ನು ಎರಡು ಸಲ ಜೋಡಿಸಿದೆ. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಅವತ್ತು ಗಂಡ ಬಂದಾಗ ಒಂದೇ ಸಮನೆ ಮಾತಾಡಿದೆನಂತೆ. "ಇವತ್ತ ನಿನ್ನ ಗಾಡಿಗೆ ಸಿಗ್ನಲ್ಲ ಇಲ್ಲಲಾ" ಎಂದರು.

ಮರುದಿನ ಬೆಳಿಗ್ಗೆ ಮೊದಲ ಕಟ್ಟು ಬಿಚ್ಚಿ ತೋಳು ಜೋಡಿಸಲು ಹೋದೆ. ಎಡ ತೋಳು ಕೂತಿತು. ಬಲದ್ದು ಕೂಡಲಿಲ್ಲ. ತಿರುಗಿಸಿದರೆ ಒಳಮೈ ಹೊರಗೆ ಬರುತ್ತದೆ. ಎರಡೂ ಎಡ ತೋಳುಗಳು! ಇನ್ನೊಂದು ಕಟ್ಟು ಬಿಚ್ಚಿದೆ, ಅದರಲ್ಲೂ ಎರಡು ಎಡ ತೋಳು. ಎಂಟೂ ಕಟ್ಟಿನಲ್ಲಿ ಎಂಟು ಜೊತೆ ಎಡ ತೋಳು. ಹಿಂದಿನ ದಿನ ನಾನು ಒಂದು ಸಲವೂ ತೋಳನ್ನು ಬೋರಲು ಹಾಕಿರಲಿಲ್ಲ. ಮರೆತೆನೆಂದಲ್ಲ. ನನಗೆ ಚೆನ್ನಾಗಿ ನೆನಪಿದೆ, ಬೋರಲು ಹಾಕುವುದು ಬೇಡ, ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅಷ್ಟು ಖಾತ್ರಿ ಇತ್ತು.

ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಣ್ಣುವ ಹೊತ್ತು ಬಂದಿತ್ತು.

ಆ ಎಂಟರಲ್ಲಿ ಒಂದು ಖಣ ಡಾಕ್ಟರ್ ಬಾಯಿಯವರದು; ಇಲ್ಲಿ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಧಾರವಾಡದ ಕಡೆಯವರು, ನನ್ನ ಹಳೆಯ ಗಿರಾಕಿ, ತಲೆ ಮತ್ತು ನರಗಳ ರೋಗ ನೋಡುವವರು. ಅವರ ತಾಯಿ ತೀರಿಕೊಳ್ಳುವ ಮುಂಚೆ ಉಡಿ ತುಂಬಿದ ಕೊನೆಯ ಖಣ ಅದು. ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟು, ಈ ಗೌರಿಗೆ ತೊಡುತ್ತೇನೆಂದು ಮನಸ್ಸು ಮಾಡಿ ತಂದುಕೊಟ್ಟಿದ್ದರು. ನಾನು ಫೋನು ಮಾಡಿ ಕರೆಸಿದೆ. ಅವರು ಬಂದಾಗ ಎರಡು ಎಡ ತೋಳುಗಳನ್ನು ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ.

ಅವರು ಖಣದ ಅಂಚನ್ನು ಬೆರಳಿನಲ್ಲಿ ಸವರಿದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮೊದಲು ನನ್ನ ನಾಡಿ ಹಿಡಿದರು.

"ಎದಿ ಬಡಿತ ಜೋರ ಇತ್ತೇನ್ರಿ? ನಿದ್ದಿ ಬಂತ?"

"ಬರಲಿಲ್ರಿ."

"ನಿಮ್ಮ ವಯಸ್ಸಿನ್ಯಾಗ ಹಿಂಗ ಮಾಡಬಾರದ್ರಿ. ಏನರ ಆಗಿದ್ರ?" ಆಮೇಲೆ ಮಗಳ ಕಡೆ ತಿರುಗಿದರು. "ಇದು ಕೆಟ್ಟ ಔಷಧ ಅಲ್ಲವಾ. ಆ ಬ್ಯಾನಿ ಇದ್ದವರಿಗೆ ಇದರಿಂದ ಜೀವನಾನ ತಿರುಗಿ ಸಿಗತದ. ಆದ್ರ ಆರಾಮ ಇದ್ದ ತಲಿಗೆ ಏನ ಮಾಡತದ ಅನ್ನೂದು ಒಬ್ಬೊಬ್ಬರಿಗೆ ಒಂದೊಂದು. ನಿದ್ದಿಗೆಟ್ಟವರಿಗೆ ಸ್ವಲ್ಪ ಉಪಯೋಗ ಆಗಬಹುದು. ಕೆಲವರಿಗೆ ಏಕಾಗ್ರತಾ ಬರತದ. ಕೆಲವರು ಹೆಚ್ಚು ದುಡೀತಾರ, ಹೆಚ್ಚು ಹೊತ್ತು ಕುಂದರತಾರ, ಆದ್ರ ಕೆಲಸ ಮೊದಲಿಗಿಂತ ಕೆಡತದ. ಮತ್ತ ಕೆಟ್ಟದ್ದು ಅವರಿಗೆ ಗೊತ್ತಾಗೂದಿಲ್ಲ. ನಾ ಭಾಳ ಛಲೋ ಮಾಡಾಕತ್ತೀನಿ ಅನ್ನಿಸ್ತಿರತದ."

"ಹಂಗಽ ಅನ್ನಿಸಿತ್ರಿ ನನಗ," ಎಂದೆ.

"ನಿಮಗ ವೇಗ ಕೊಟ್ತು, ಅನುಮಾನ ಕಸಗೊಂಡ್ತು."

ಆ ಮಾತು ನನ್ನೊಳಗೆ ನಾಟಿತು. ನನ್ನ ಕಸುಬು ಅಂದರೇ ಅನುಮಾನ. ಎಡವೋ ಬಲವೋ ಎಂದು ಪ್ರತಿ ಸಲ ನಿಂತು ನೋಡುವುದು. ನನ್ನ ತಲೆ ದಡ್ಡ ಇರಬಹುದು, ಆದರೆ ದಡ್ಡತನ ಗೊತ್ತಿರುವ ತಲೆ. ಅದನ್ನೇ ಆ ಮಾತ್ರೆ ಒಂದು ದಿನದ ಮಟ್ಟಿಗೆ ಹೊರಗೆ ಅಟ್ಟಿತ್ತು. ಡಾಕ್ಟರ್ ಬಾಯಿ ಹೊರಡುವಾಗ ತಮ್ಮ ಖಣದ ತುಂಡುಗಳನ್ನೆಲ್ಲ ಕೇಳಿ ಇಸಿದುಕೊಂಡರು. ಒಂದು ಚಿಂದಿಯನ್ನೂ ಬಿಡಲಿಲ್ಲ.

ಉಳಿದ ಏಳು ಮನೆಗಳಿಗೂ ಹೋಗಿ ನನ್ನ ಬಾಯಿಂದಲೇ ಹೇಳಿದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು, ಇಬ್ಬರು ಇನ್ನೆಂದೂ ಬರಲಿಲ್ಲ. ಹೋಗಲಿ. ತಪ್ಪು ಮಾಡಿ ತಲೆ ಮರೆಸಿಕೊಳ್ಳುವ ಜಾತಿ ನನ್ನದಲ್ಲ.

ಇಷ್ಟಾದ ಮೇಲೆ ಮಗಳು ಮಾತ್ರೆಯನ್ನು ತಾನೇ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಲ್ಲಿಯ ಮಾತು? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅಷ್ಟು ಸುಲಭಕ್ಕೆ ಬಗ್ಗುತ್ತಾಳೆಯೇ.

"ನೀ ಐವತ್ತೆರಡರಾಕಿ, ನಾ ಇಪ್ಪತ್ತೈದರಾಕಿ," ಎಂದಳು. "ನಿನ್ನ ತಲಿ ಬ್ಯಾರೆ, ನನ್ನ ತಲಿ ಬ್ಯಾರೆ. ನಿನಗ ಎರಡೂ ತೋಳು ಎಡಾ ಆದ್ರ ನನಗೂ ಆಗತಾವೇನು? ಡಾಕ್ಟರಽ ಅಂದ್ರಲ್ಲ, ಒಬ್ಬೊಬ್ಬರಿಗೆ ಒಂದೊಂದು ಅಂತ."

"ಪರೀಕ್ಷಾದಾಗ ನಿನ್ನ ಸ್ವಂತ ತಲಿ ಕುಂದರಬೇಕು. ಮಾತ್ರಿ ಅಲ್ಲ."

"ಸ್ವಂತ ತಲಿ? ಅವ್ವಾ, ನಿನ್ನ ಚಾ?"

"ಚಾಕ್ಕೂ ಇದಕ್ಕೂ ಏನ ಸಂಬಂಧ?"

"ಅದೂ ತಲಿಗೇ ಹೋಗತದ. ಹೇಳೂದು ಶಾಸ್ತ್ರ, ತಿನ್ನೂದು ಬದನೀಕಾಯಿ. ದಿವಸಕ್ಕ ಎಷ್ಟ ಚಾ ಕುಡೀತಿ, ಹೇಳು."

"ಎರಡು," ಎಂದೆ. ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಬೆಳಗಿನದು ಒಂದು, ಸಂಜೆಯದು ಒಂದು, ಇಷ್ಟೇ ಚಹಾ. ನಡುವೆ ಗಿರಾಕಿ ಬಂದರೆ, ನೆರೆಯವರು ಬಂದರೆ, ಬಟ್ಟೆ ತರಲು ಹೋದಲ್ಲಿ ಅಂಗಡಿಯವರು ಒತ್ತಾಯ ಮಾಡಿದರೆ ಕುಡಿಯುವುದು ಅರ್ಧ ಕಪ್ಪು. ಅರ್ಧ ಕಪ್ಪನ್ನು ಯಾರಾದರೂ ಎಣಿಸುತ್ತಾರೆಯೇ? ಬೇಡ ಎನ್ನಲು ಬಾಯಿ ಬರದೆ ಕುಡಿದದ್ದು ಅದು, ಚಹಾ ಅಲ್ಲ.

ಮರುದಿನ ಮಗಳು ಅಭ್ಯಾಸಿಕೆಗೆ ಹೋಗಲಿಲ್ಲ. ನನ್ನದೇ ಬಟ್ಟೆಯ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಅರ್ಧ ಕಪ್ಪಿಗೆ ಒಂದು ಗೆರೆ ಎಳೆದಳು. ಸಂಜೆಗೆ ಎರಡು ಚಹಾದ ಜೊತೆ ಒಂಬತ್ತು ಗೆರೆ ಇದ್ದವು. ಗಂಡ ಬಂದವರು ಚೌಕಟ್ಟು ನೋಡಿ ಇದೇನು ಹೊಸ ರಂಗೋಲಿ ಎಂದು ಕೇಳಿದರು. 

"ನೀ ಚಾ ಬಿಡು, ನಾ ಮಾತ್ರಿ ಬಿಡತೀನಿ," ಎಂದಳು ಮಗಳು. "ಪರೀಕ್ಷಾ ಮುಗಿಯೂತನ. ಅರ್ಧಾ ಕಪ್ಪೂ ಇಲ್ಲ."

ನನ್ನಿಂದ ಆಗುವುದಿಲ್ಲ ಎಂದು ಅವಳ ಲೆಕ್ಕ. ಆರು ವರ್ಷದವಳಿದ್ದಾಗಿನಿಂದ ಚಹಾ ಕುಡಿದವಳು ನಾನು. ನನಗೆ ರೋಷ ಬಂತು.

"ಆತು," ಎಂದೆ. "ಇವತ್ತಿಂದ."

ಆ ದಿನಗಳನ್ನು ನೆನೆದರೆ ಈಗಲೂ ಹಣೆ ಸಿಡಿಯುತ್ತದೆ. ಎರಡನೆಯ ದಿನ ತಲೆನೋವು ಶುರುವಾಯಿತು, ಮೂರನೆಯ ದಿನ ವಾಂತಿ. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಪ್ರಯತ್ನ ಮಾಡಬೇಕಾಯಿತು. ಗಿರಾಕಿಯೊಬ್ಬರು ಕೈ ಉದ್ದ ಹೇಳಿದರೆ ಬರೆದುಕೊಳ್ಳುವಷ್ಟರಲ್ಲಿ ಮರೆತುಹೋಗುತ್ತಿತ್ತು. ಇಪ್ಪತ್ತು ಹೆಂಗಸರ ಅಳತೆ ಬಾಯಲ್ಲೇ ಇಟ್ಟುಕೊಳ್ಳುವ ನನಗೆ! ಸುಮ್ಮಸುಮ್ಮನೆ ಗಂಡನ ಮೇಲೆ ಹರಿಹಾಯ್ದೆ. ನಾಲ್ಕನೆಯ ದಿನ ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ, ಮಗಳು ಅದನ್ನೂ ನೋಡಿದಳು. ನಗಲಿಲ್ಲ ಪುಣ್ಯಕ್ಕೆ. ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದೂ ತಲೆಗೆ ಹೋಗುವುದೇ. ಮಗಳು ಹೇಳಿದ್ದರಲ್ಲಿ ಅಷ್ಟು ಸರಿ ಇತ್ತು. ನನ್ನ ಚುರುಕುತನದಲ್ಲಿ ಎಷ್ಟು ನನ್ನದು, ಎಷ್ಟು ಚಹಾದ್ದು, ಆ ವಾರದವರೆಗೂ ನಾನು ಯೋಚನೆ ಮಾಡಿರಲಿಲ್ಲ.

ಆದರೂ ಮುರಿಯಲಿಲ್ಲ. ಎರಡನೆಯ ವಾರಕ್ಕೆ ತಲೆನೋವು ಹೋಯಿತು. ಬೆಳಗಿನ ಹೊತ್ತು ಮಂಕು ಉಳಿಯಿತು, ಹನ್ನೊಂದರ ತನಕ ಕತ್ತರಿ ಮುಟ್ಟುತ್ತಿರಲಿಲ್ಲ. ಮಗಳು ಗೂಡು ಬಿಟ್ಟು ಬಂದು ನನ್ನ ಮಷಿನ್ನಿನ ಹಿಂದೆ ನೆಲದ ಮೇಲೆ ಕೂತು ಓದುತ್ತಿದ್ದಳು. ನಡುವೆ ನಿದ್ದೆ ಬಂದರೆ ಎದ್ದು ಮುಖ ತೊಳೆದುಕೊಂಡು ಬರುತ್ತಿದ್ದಳು. ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ಕಾವಲು ಯಾರದು, ಯಾರ ಮೇಲೆ ಎಂದು ಹೇಳಲು ಬರುತ್ತಿರಲಿಲ್ಲ.

ಪರೀಕ್ಷೆ ಬಂತು. ಮಾತ್ರೆ ಇಲ್ಲದೆ ಹೋದಳು, ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು, "ಮಧ್ಯಾಹ್ನದ ಪೇಪರಿನ್ಯಾಗ ಕಣ್ಣು ಎಳದ್ವು ಅವ್ವಾ. ಒಂದು ಉದ್ದಂದು ಪ್ಯಾರಾ ಮೂರು ಸಲ ಓದಿದೆ, ತಲಿಗೆ ಹತ್ತಲಿಲ್ಲ."  ಅವತ್ತು ನಮ್ಮ ಮನೆಯಲ್ಲಿ ಚಹಾ ಕುದಿಯಿತು, ಇಬ್ಬರೂ ಕುಡಿದೆವು. ಐದು ವಾರ ಕಾದ ಚಹಾ ನಾಲಿಗೆಗೆ ರುಚಿಸಲೇ ಇಲ್ಲ.

ಫಲಿತಾಂಶ ಬಂತು. ಸ್ವಲ್ಪದರಲ್ಲಿ ಹೋಗಿತ್ತು. ಅವಳ ಬಾಜೂ ಗೂಡಿನ ಹುಡುಗಿ, ಮಾತ್ರೆ ತೆಗೆದುಕೊಂಡವಳು, ಪಾಸಾದಳು.

ಅಲ್ಲಿಂದ ಶುರುವಾಯಿತು ಊರಿನ ಬಾಯಿ. ನಾದಿನಿ ಫೋನಿನಲ್ಲಿ, "ಒಂದು ಗುಳಿಗಿಗೆ ಹುಡುಗೀ ಭವಿಷ್ಯ ಕೆಡಿಸಿದಿ" ಎಂದಳು. ವಾಡೆಯ ಮೇಲಿನ ಮನೆಯಾಕೆ ಮರಾಠಿಯಲ್ಲಿ ಅದನ್ನೇ ಸಕ್ಕರೆ ಹಾಕಿ ಹೇಳಿದಳು. ಗಂಡ ದೌಂಡದಿಂದ ಬಂದವರು ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ಎಲ್ಲಾರೂ ತಗೋತಾರಂದ ಮ್ಯಾಲೆ ನಮ್ಮದೊಬ್ಬಾಕೀದು ಏನಿತ್ತು ಹಟಾ?" ಎಂದರು. ವರ್ಷಕ್ಕೊಂದು ಸಲ ಬಾಯಿ ಬಿಡುವ ಮನುಷ್ಯ, ಅದಕ್ಕೇ ಬಿಡಬೇಕೆ!

ನಾನು ಯಾರಿಗೂ ತಗ್ಗಲಿಲ್ಲ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದರೆ ಅದು ಕಾರಣವಲ್ಲ, ಅದು ಹೆದರಿಕೆ. ಆ ಹುಡುಗಿ ಮಾತ್ರೆಯಿಂದಲೇ ಪಾಸಾದಳೆಂದು ಯಾರು ನೋಡಿದ್ದಾರೆ? ಅವಳು ಜಾಣೆ ಇರಬಹುದು, ಮಾತ್ರೆ ಇಲ್ಲದೆಯೂ ಆಗುತ್ತಿದ್ದಳೇನೋ. ಪಾಪ, ಇನ್ನು ಅವಳಿಗೂ ಅದು ಗೊತ್ತಾಗುವುದಿಲ್ಲ. ನಾಳೆ ತಹಶೀಲ್ದಾರರ ಕುರ್ಚಿಯ ಮೇಲೆ ಕೂತು ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಹೋಗಿದೆಯೋ ಇಲ್ಲವೋ ಎಂದು ನೋಡಬೇಕಾದವರು ಇವರು. ನನಗೆ ಖಾತ್ರಿ ಇದೆ ಎಂದು ಎಂಟು ಸಲ ಎಡ ತೋಳು ಕತ್ತರಿಸಿದರೆ ಯಾರ ಮನೆ ಹಾಳು? ಹೀಗೆ ಕೇಳಿದೆ. ನಾದಿನಿಯನ್ನು ಕೇಳಿದೆ, ಮೇಲಿನ ಮನೆಯಾಕೆಯನ್ನು ಕೇಳಿದೆ, ಬಂದ ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆದುಕೊಳ್ಳುತ್ತಲೇ ಹೇಳಿದೆ. "ನನ್ನ ಮಗಳು ಸ್ವಂತ ತಲಿಲೆ ಬರದಾಳ. ಬಿದ್ರೂ ತನ್ನ ಕಾಲಮ್ಯಾಲೆ ಬಿದ್ದಾಳ" ಎಂದು. ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಸಂಕ್ರಾಂತಿಯ ಮುಂಚೆ ಡಾಕ್ಟರ್ ಬಾಯಿ ಇನ್ನೊಂದು ಖಣ ಹಿಡಿದು ಬಂದರು. ನನ್ನ ಕೈಗೆ ಮತ್ತೆ ಖಣ ಕೊಟ್ಟರಲ್ಲ ಎಂದು ನನ್ನ ಕಣ್ಣು ತುಂಬಿದವು. ಅವರ ತೋಳಿಗೆ ಟೇಪು ಸುತ್ತುತ್ತ ಅವರಿಗೂ ಅದನ್ನೇ ಹೇಳಿದೆ. ಸ್ವಂತ ತಲೆ, ಸ್ವಂತ ಕಾಲು.

ಒಳಗಿನಿಂದ ಮಗಳು ಬಂದಳು. ಕೈಯಲ್ಲಿ ಪುಸ್ತಕ ಇತ್ತು.

"ಅವ್ವಾ, ಸಾಕು ಮಾಡು."

"ಯಾಕ? ಸುಳ್ಳೇನು?"

"ಫೇಲ್ ಆದಾಕಿ ನಾನು. ನೀ ಅದನ್ನ ನಿನ್ನ ಗೆಲುವು ಮಾಡ್ಕೊಂಡು ಓಣಿ ತುಂಬಾ ಹಂಚಾಕತ್ತಿ." ಅವಳ ಧ್ವನಿ ಏರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. "ನಾ ಮಾತ್ರಿ ತಗೋಲಿಲ್ಲ, ಖರೆ. ಯಾಕ ತಗೋಲಿಲ್ಲ ಅಂತ ಒಮ್ಮೆರ ಕೇಳೀ ಏನು?"

ನಾನು ಕೇಳಿರಲಿಲ್ಲ.

"ನೀ ಚಾ ಬಿಟ್ಟು, ವಾಂತಿ ಮಾಡ್ಕೋತ, ನನ್ನ ಮುಂದ ಕುಂತಿದ್ದಿ. ಅದಕ್ಕ ತಗೋಲಿಲ್ಲ. ಇಲ್ಲಾಂದ್ರ ತಗೋತಿದ್ದೆ. ಸ್ವಂತ ತಲಿ, ಸ್ವಂತ ತಲಿ ಅಂತಿ. ಅದನ್ನ ನನ್ನ ತಲಿ ನಿರ್ಧಾರ ಮಾಡಿದ್ದಲ್ಲ. ನಿನ್ನ ತಲಿ ಮಾಡಿದ್ದು."

 ಟೇಪು ಡಾಕ್ಟರ್ ಬಾಯಿಯವರ ತೋಳಿನ ಮೇಲೇ ಇತ್ತು, ನಾನು ಹಿಡಿದಿದ್ದ ತುದಿ ಜಾರಿ ಬಿತ್ತು.

"ಮುಂದಿನ ಸಲಾ ಬರೀತೀನಿ," ಎಂದಳು ಮಗಳು. "ಮಾತ್ರಿ ತಗೋತೀನೋ ಬಿಡತೀನೋ, ನಾನಽ ನೋಡ್ಕೋತೀನಿ. ಡಾಕ್ಟರನ್ನ ಕೇಳಬೇಕಂದ್ರ ನಾ ಕೇಳತೀನಿ. ನೀ ಚಾ ಬಿಡಬ್ಯಾಡ, ನನ್ನ ಬ್ಯಾಗ ನೋಡಬ್ಯಾಡ, ನನ್ನ ಕೇಳಬ್ಯಾಡ. ಪಾಸಾದ್ರೂ ನಂದು, ಫೇಲಾದ್ರೂ ನಂದು."

ಸಿಟ್ಟು ಬಂತು, ಬಹಳ ಬಂತು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಹೆತ್ತು ಹೊತ್ತು ಸಾಕಿದ್ದೆಲ್ಲ ಬಾಯಿಗೆ ಬಂತು. ಯಾವುದನ್ನೂ ಹೊರಗೆ ಹಾಕಲಿಲ್ಲ, ಏಕೆಂದರೆ ಅವಳು ಹೇಳಿದ್ದರಲ್ಲಿ ಎಲ್ಲಿ ಸುಳ್ಳಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಮಾತ್ರೆಯ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಕೂದಲೆಳೆಯಷ್ಟೂ ಬದಲಾಗಿಲ್ಲ. ನೆಟ್ಟಗಿರುವ ತಲೆಗೆ ಅದು ಬೇಡ ಎಂದು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ನಾದಿನಿಯ ಎದುರಿಗೆ, ಗಂಡನ ಎದುರಿಗೆ, ಆ ಪಾಸಾದ ಹುಡುಗಿಯ ಎದುರಿಗೂ ಹೇಳುತ್ತೇನೆ. ಮಗಳ ಎದುರಿಗೆ ಮಾತ್ರ ಹೇಳುವುದಿಲ್ಲ. ಇದು ಸೋಲು ಎಂದು ಯಾರಾದರೂ ತಿಳಿದುಕೊಂಡರೆ ಅವರಿಗೆ ಹಟವೆಂದರೇನೆಂದು ಗೊತ್ತಿಲ್ಲ. ಐದು ವಾರ ಚಹಾ ಬಿಡುವುದು ಇದರ ಮುಂದೆ ಏನೂ ಅಲ್ಲ.

ಪರೀಕ್ಷೆ ಮತ್ತೆ ಹತ್ತಿರ ಬಂದಿದೆ. ಅವಳು ಗೂಡಿಗೆ ಮರಳಿ ಹೋಗುತ್ತಾಳೆ, ಬೆಳಿಗ್ಗೆ ಎಂಟಕ್ಕೆ ಹೊರಡುತ್ತಾಳೆ. ಮೊನ್ನೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ನೀರು ತುಂಬಿಕೊಂಡಳು, ಚೀಲದ ಜಿಪ್ಪು ಎಳೆದ ಸದ್ದಾಯಿತು, ಒಂದು ಕ್ಷಣ ಏನೂ ಕೇಳಿಸಲಿಲ್ಲ, ಆಮೇಲೆ ಲೋಟ ಕೆಳಗಿಟ್ಟ ಸದ್ದು. ನನ್ನ ಜೀವವೆಲ್ಲ ಕಿವಿಗೆ ಬಂದಿತ್ತು. ಹೊರಗೆ ಬಂದವಳು ನನ್ನ ಮೇಜಿನ ಮುಂದೆ ನಿಂತು ನನ್ನ ಮುಖ ನೋಡಿದಳು. ಕೇಳುತ್ತೇನೋ ಎಂದು ಕಾದಳು.

"ಮಧ್ಯಾಹ್ನ ಊಟಕ್ಕ ಬರ್ತೀಯೇನು?" ಎಂದು ಕೇಳಿದೆ.

"ಬರ್ತೀನಿ," ಎಂದಳು.